ಒಗಟಿನ ಮುಯ್ಯಾಳು

ಮೊಮ್ಮಗಳು ಮೋನಿಕಾ ಕಪ್ಪು ಪರದೆಯ ಮೇಲೆ 'ತಾ' ಎಂದು ಹೊಡೆದರೆ ಆ ದಿನದ ಒಗಟು ಬರುತ್ತಿತ್ತು. 'ತೋರ್ಸು' ಎಂದರೆ ಬಂದದ್ದನ್ನು ಸಾಲಾಗಿ ಬಿಡಿಸಿ ತೋರಿಸುತ್ತಿತ್ತು. 'ಒಪ್ಸು' ಎಂದು ಹೊಡೆದು ಪಕ್ಕದಲ್ಲಿ ಉತ್ತರದ ಸಂಖ್ಯೆ ಹಾಕಿದರೆ, ಅದು ಎಲ್ಲೋ ಕುಳಿತ ಪರೀಕ್ಷಕರಿಗೆ ಒಪ್ಪಿಸಿ ಬರುತ್ತಿತ್ತು. ಉತ್ತರ ಸರಿಯಿದ್ದರೆ 'ಬಂತು' ಎನ್ನುತ್ತಿತ್ತು. ತಪ್ಪಿದ್ದರೆ 'ಸರಿಯಿಲ್ಲ, ಒಂದ್ ಗಳಿಗೆ ತಾಳು' ಎಂದು ಹೇಳಿ ಸುಮ್ಮನಾಗುತ್ತಿತ್ತು. ಮೊದಲ ತಪ್ಪಿಗೆ ಒಂದು ನಿಮಿಷ, ಎರಡನೆಯದಕ್ಕೆ ಐದು ನಿಮಿಷ ಅದರ ಬಾಯಿ ಬಿಡಿಸುವುದಕ್ಕೆ ಯಾರಿಂದಲೂ ಆಗುತ್ತಿರಲಿಲ್ಲ.

ಆ ಮಾತುಗಳು ಅದಕ್ಕೆ ಹೋದದ್ದು ನನ್ನ ಬಾಯಿಂದ. ನನಗೆ ಕಂಪ್ಯೂಟರ್ ತಿಳಿಯದು. ಅಕ್ಷರ ಕಲಿತದ್ದೇ ನಲವತ್ತೆರಡನೆಯ ವಯಸ್ಸಿನಲ್ಲಿ, ಮಾರಿಕಣಿವೆಯ ಕ್ವಾರ್ಟರ್ಸಿನ ಹೆಂಗಸರಿಗೆಂದು ನಡೆಸುತ್ತಿದ್ದ ರಾತ್ರಿ ಶಾಲೆಯಲ್ಲಿ. ಯಜಮಾನರು ಅಣೆಕಟ್ಟೆಯ ತೂಬಿನ ಕೆಲಸದಲ್ಲಿದ್ದರು, ಈಗ ಮಗ ಮಾರುತೇಶ್ ಅಲ್ಲೇ ಕಾವಲಿಗಿದ್ದಾನೆ. ಮೋನಿಕಾ ಅವನ ಮಗಳು. ಹಿರಿಯೂರಿನ ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಡಿಪ್ಲೊಮಾ ಓದುತ್ತಿದ್ದಳು. ಕನ್ನಡದ ಮಾತುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯುವ ಈ ಪುಟ್ಟ ಸಾಧನವನ್ನು ಅವಳೇ ಕಟ್ಟಿದ್ದಳು. ಕಟ್ಟಿದ್ದು ತನಗಾಗಿಯಲ್ಲ, ಗೆಳತಿ ಯಶೋಧಾಳಿಗಾಗಿ.

ಯಶೋಧಾ ಕುರಿಯವರ ಹುಡುಗಿ. ಹಿನ್ನೀರಿನ ಆಚೆ ಅವರ ಹಟ್ಟಿ. ತಾಯಿಯಿಲ್ಲ. ಅಪ್ಪ ಕರಿಯಣ್ಣನಿಗೆ ನೂರೆಪ್ಪತ್ತು ಕುರಿ. ಹುಡುಗಿಯ ಹತ್ತಿರ ಲ್ಯಾಪ್‌ಟಾಪ್ ಇರಲಿಲ್ಲ, ಪರದೆ ಸೀಳಿದ ಫೋನು ಮಾತ್ರ ಇತ್ತು. ಹಟ್ಟಿಯಲ್ಲಿ ನೆಟ್‌ವರ್ಕು ಒಂದು ಗೀಟು ಬಂದರೆ ಹೆಚ್ಚು. ಚಿತ್ರ ಬಣ್ಣಗಳಿರುವ ದೊಡ್ಡ ಪುಟ ಅಲ್ಲಿ ತೆರೆಯುತ್ತಲೇ ಇರಲಿಲ್ಲ. ಬರೀ ಅಕ್ಷರವಾದರೆ ಆ ಒಂದು ಗೀಟಿನಲ್ಲೂ ತೂರಿಕೊಂಡು ಬರುತ್ತದೆ ಎಂದು ಮೋನಿಕಾ ಲೆಕ್ಕ ಹಾಕಿದ್ದಳು. ಅದು ಹಾಗೆಯೇ ಆಯಿತು. ಮೊದಲ ದಿನ ತಪ್ಪು ಉತ್ತರ ಒಪ್ಪಿಸಿದ ಯಶೋಧಾ ನನಗೇ ಫೋನು ಮಾಡಿ, "ಅಜ್ಜಿ, ನೀವು ಇದ್ರೊಳಗೂ ಕುಂತು ತಾಳು ತಾಳು ಅಂತೀರಲ್ಲ, ಮನೇಲಿ ಅಂದಿದ್ದು ಸಾಲ್ದಾ?" ಎಂದು ನಕ್ಕಿದ್ದಳು.

ಒಗಟಿನ ಸ್ಪರ್ಧೆಯನ್ನು ಒಂದು ಸಂಸ್ಥೆಯವರು ನಡೆಸುತ್ತಿದ್ದರು. ಡಿಸೆಂಬರ್ ಒಂದರಿಂದ ಇಪ್ಪತ್ತೈದರವರೆಗೆ ದಿನಕ್ಕೊಂದು ಒಗಟು. ಬೆಳಿಗ್ಗೆ ಆರೂವರೆಗೆ ಬಿಟ್ಟರೆ ಆ ದಿನ ಮುಗಿಯುವುದರೊಳಗೆ ಒಪ್ಪಿಸಬೇಕು. ಒಗಟೆಂದರೆ ಒಂದು ಚಿಕ್ಕ ಕಥೆ, ಅದರ ಹಿಂದೆ ರಾಶಿ ಸಂಖ್ಯೆ. ಗುಡ್ಡದ ಎತ್ತರಗಳನ್ನು ಕೊಟ್ಟು, ನೆತ್ತಿಯಿಂದ ಸುರಿದ ನೀರು ಎಷ್ಟು ದಾರಿಯಲ್ಲಿ ಕೆರೆಗೆ ಬಂದೀತು ಎಂದು ಕೇಳುವುದು ಒಂದು ದಿನ. ಮಾರನೆಯ ದಿನ ಇನ್ನೊಂದು. ಕೈಯಲ್ಲಿ ಎಣಿಸುವ ಲೆಕ್ಕವಲ್ಲ, ಎಣಿಸುವ ಪ್ರೋಗ್ರಾಮನ್ನು ಬರೆಯಬೇಕು. ಒಬ್ಬೊಬ್ಬರಿಗೆ ಒಂದೊಂದು ರಾಶಿ ಸಂಖ್ಯೆ, ಹಾಗಾಗಿ ಇವರ ಉತ್ತರ ಅವರಿಗೆ ಆಗುವುದಿಲ್ಲ. ಇಪ್ಪತ್ತೈದರಲ್ಲಿ ಒಂದು ತಪ್ಪಿದರೂ ಹೆಸರು ಹೋಗುತ್ತದೆ. ಇಪ್ಪತ್ತೈದನ್ನೂ ಬಿಡಿಸಿದವರಿಗೆ ಚಿತ್ರದುರ್ಗದಲ್ಲಿ ಆರು ತಿಂಗಳ ತರಬೇತಿ, ಹಾಸ್ಟೆಲು, ಆಮೇಲೆ ಕೆಲಸ ಹಿಡಿಸುವ ಮಾತೂ ಇತ್ತು.

ಮೋನಿಕಾಗೆ ಅದು ಸಿಕ್ಕರೆ ಸಂತೋಷ, ಸಿಗದಿದ್ದರೆ ಬೇರೆ ದಾರಿ ಇತ್ತು. ಯಶೋಧಾಳಿಗೆ ಹಾಗಿರಲಿಲ್ಲ. ಸಂಕ್ರಾಂತಿ ಕಳೆಯುತ್ತಲೇ ಕರಿಯಣ್ಣ ಹಿಂಡು ಹೊಡೆದುಕೊಂಡು ಭದ್ರಾ ನಾಲೆಯ ಗದ್ದೆ ಬಯಲಿಗೆ ಹೋಗುತ್ತಾನೆ. ಕೊಯ್ದ ಗದ್ದೆಗಳಲ್ಲಿ ಗೊಬ್ಬರಕ್ಕೆ ಮಂದೆ ನಿಲ್ಲಿಸುತ್ತಾ ಮುಂಗಾರಿನವರೆಗೆ ಅಲ್ಲೇ ಇರುತ್ತಾನೆ. ಜೊತೆಗೆ ಅಡುಗೆಗೆ, ಎಳೆ ಮರಿಗಳನ್ನು ನೋಡಿಕೊಳ್ಳಲು ಒಬ್ಬ ಹೆಣ್ಣಾಳು ಬೇಕು. ಹಿಂದಿನ ಎರಡು ವರ್ಷವೂ ಯಶೋಧಾ ಹೋಗಿ ಹಾಜರಾತಿ ಕಳೆದುಕೊಂಡಿದ್ದಳು. ಈ ಸಲ ಹುಡುಗಿ ಅಪ್ಪನೊಂದಿಗೆ ಮಾತಾಡಿ ಒಪ್ಪಿಸಿದ್ದಳು. ಪಟ್ಟಿಯಲ್ಲಿ ಹೆಸರು ಬಂದರೆ ಮಾಡದಕೆರೆಯಿಂದ ಅವನ ಅಕ್ಕ ಕಾಟಮ್ಮ ಬಂದು ಹಿಂಡಿನ ಜೊತೆ ಹೋಗುವುದು, ಬರದಿದ್ದರೆ ಯಶೋಧಾ ಓದು ಬಿಟ್ಟು ಹೋಗುವುದು. ಕರಿಯಣ್ಣ ಕೆಟ್ಟವನಲ್ಲ. ಹೆಸರು ಬಂದ ದಿನ ತಾನೇ ದುರ್ಗಕ್ಕೆ ಕರೆದುಕೊಂಡು ಹೋಗಿ ಟ್ರಂಕು ಕೊಡಿಸುತ್ತೇನೆ ಎಂದೂ ಹೇಳಿದ್ದ.

ಹತ್ತು ದಿನ ಇಬ್ಬರೂ ಸಲೀಸಾಗಿ ಬಿಡಿಸಿದರು. ಹನ್ನೊಂದನೆಯ ದಿನ ಕರಿಯಣ್ಣನ ಹಿಂಡಿಗೆ ನೀಲಿ ನಾಲಿಗೆ ರೋಗ ಬಂತು. ಬಾಯಿ ಊದಿಕೊಂಡ ಕುರಿಗಳಿಗೆ ಮೇಯಲಾಗುವುದಿಲ್ಲ. ಒಂದೊಂದರ ದವಡೆ ಹಿಡಿದು ರಾಗಿ ಗಂಜಿ ಕುಡಿಸಬೇಕು, ಬೆಳಗಿನಿಂದ ಕತ್ತಲಾಗುವವರೆಗೆ ಅದೇ ಕೆಲಸ. ಯಶೋಧಾ ಫೋನು ಮಾಡಿ, ತನ್ನಿಂದ ಇವತ್ತು ಆಗುವುದಿಲ್ಲ, ನಾಳೆಯೂ ಆಗಲಿಕ್ಕಿಲ್ಲ, ಇಲ್ಲಿಗೆ ಮುಗೀತು ಎಂದು ಹೇಳಿದಳಂತೆ. ಮೋನಿಕಾ ಫೋನು ಕೆಳಗಿಟ್ಟು ಹೊಸಲಿನ ಮೇಲೆ ಕೂತಳು. ಅವಳ ಒಗಟು ಒಂಬತ್ತು ಗಂಟೆಗೇ ಮುಗಿದಿತ್ತು.

ನಾನು ಅವರೆಕಾಯಿ ಸುಲಿಯುತ್ತಿದ್ದೆ. "ಅಜ್ಜಿ, ಅವಳ ಬೀಗದ ಗುರುತು, ಪಾಸ್‌ವರ್ಡು, ನನ್ನತ್ರ ಐತೆ, ನಾನೇ ಹಾಕಿಕೊಟ್ಟಿದ್ದು. ಅವಳ ಸಂಖ್ಯೆ ತಗೊಂಡು ನಾನು ಬಿಡಿಸಿ ಒಪ್ಪಿಸಬಹುದು. ಒಪ್ಪಿಸಲಾ?" ಎಂದು ಕೇಳಿದಳು.

ಅವಳ ಸಾಲು ನೀನು ಕಳೆ ತೆಗೆದಂತಲ್ಲವೇ ಎಂದೆ ನಾನು. ನಮ್ಮ ಕಡೆ ಶೇಂಗಾ ಕಳೆಗೆ, ಈರುಳ್ಳಿ ಕೀಳುವುದಕ್ಕೆ ಕೂಲಿಯವರನ್ನು ಕರೆಯುವುದು ಈಚೆಗಿನ ಮಾತು. ಮೊದಲೆಲ್ಲ ಮುಯ್ಯಾಳು. ಇವತ್ತು ನೀವು ನಾಲ್ವರು ನನ್ನ ಹೊಲಕ್ಕೆ, ನಾಳೆ ನಾವು ನಾಲ್ವರು ನಿಮ್ಮ ಹೊಲಕ್ಕೆ. ಒಬ್ಬಳಿಗೆ ಜ್ವರವೋ ಬಾಣಂತನವೋ ಬಂದರೆ ಅವಳ ಸಾಲನ್ನು ಉಳಿದವರು ಹಿಡಿಯುತ್ತಿದ್ದರು. ಮಾರುತೇಶ್ ಹುಟ್ಟಿದಾಗ ನನ್ನ ಸಾಲನ್ನು ಹದಿನೈದು ದಿನ ಬೇರೆಯವರು ತೆಗೆದಿದ್ದರು. ಆ ಹೊಲದಲ್ಲಿ ಅದನ್ನು ಈ ತಿಪ್ಪಮ್ಮನ ಸಾಲಲ್ಲ ಎಂದವರಿಲ್ಲ. ಇದನ್ನೆಲ್ಲ ಅವಳಿಗೆ ಹೇಳಿದೆ.

"ಕಾಪಿ ಅಂತಾರೇನೋ ಅಜ್ಜಿ," ಎಂದಳು.

"ಅವಳ ಉತ್ತರ ನೀನು ಕದ್ದೆಯಾ? ನಿನ್ನದನ್ನ ಅವಳಿಗೆ ಕೊಟ್ಟೆಯಾ? ಕುಂತು ಮೈಮುರಿದು ಮಾಡ್ತೀಯ. ಮುಯ್ಯಾಳು ಹೋಗೋದು ಯಾವೂರಲ್ಲಿ ಕಳ್ಳತನ ಆಗೈತೆ? ಮಾಡು ಹೋಗು."

ಅವಳು ನನ್ನ ಮುಖ ನೋಡಿ ಎದ್ದು ಹೋದಳು. ನಾಲ್ಕು ದಿನ ತನ್ನದನ್ನೂ ಯಶೋಧಾಳದನ್ನೂ ಬಿಡಿಸಿ ಒಪ್ಪಿಸಿದಳು.

ಕುರಿಗಳು ಚೇತರಿಸಿಕೊಂಡವು. ಹದಿನೆಂಟನೆಯ ದಿನ ಮೋನಿಕಾ ಜ್ವರ ಹಿಡಿದು ಮಲಗಿದಳು. ಚಿಕೂನ್‌ಗುನ್ಯಾ, ಬೆರಳ ಗಿಣ್ಣುಗಳು ಮಡಚುತ್ತಿರಲಿಲ್ಲ. ಆಗ ಮೂರು ದಿನ ಯಶೋಧಾ ಅವಳ ಸಾಲು ಹಿಡಿದಳು. ಮೊದಲ ದಿನ ಆತುರದಲ್ಲಿ ಮೋನಿಕಾಳ ಉತ್ತರವನ್ನು ತನ್ನ ಹೆಸರಿನಲ್ಲಿ ಒಪ್ಪಿಸಿ 'ಸರಿಯಿಲ್ಲ' ಎನ್ನಿಸಿಕೊಂಡಳಂತೆ. ಹಾಗೆ ಗೊಂದಲವಾಗಬಾರದೆಂದು ಆ ಒಡೆದ ಫೋನಿನಲ್ಲೇ ಕೂತು ಸಾಧನಕ್ಕೆ ಒಂದು ಹೊಸ ಆಜ್ಞೆ ಬರೆದು ಸೇರಿಸಿದಳು. 'ಮುಯ್ಯಿ' ಎಂದು ಹೊಡೆದು ಮುಂದೆ ಹೆಸರು ಹಾಕಿದರೆ ಅಲ್ಲಿಂದಾಚೆಗೆ ಒಪ್ಪಿಸುವುದೆಲ್ಲ ಆ ಹೆಸರಿನವರ ಲೆಕ್ಕಕ್ಕೆ. ಮೋನಿಕಾ ಹಾಸಿಗೆಯಲ್ಲೇ ಅದನ್ನು ನೋಡಿ, ತಾನು ಬರೆದದ್ದಕ್ಕಿಂತ ಇದು ಅಚ್ಚುಕಟ್ಟಾಗಿದೆ ಎಂದಳು.

ಇಪ್ಪತ್ತೈದನೆಯ ದಿನ ಇಬ್ಬರಿಗೂ 'ಬಂತು'. ಜನವರಿ ಮೂರಕ್ಕೆ ಪಟ್ಟಿ ಬಂತು. ಜಿಲ್ಲೆಯಿಂದ ಏಳು ಜನ, ಅದರಲ್ಲಿ ಇವರಿಬ್ಬರು. ಕರಿಯಣ್ಣ ಅಂದೇ ಮಾಡದಕೆರೆಗೆ ಹೇಳಿಕಳಿಸಿದ. ಕಾಟಮ್ಮ ಬಟ್ಟೆ ಗಂಟು ಕಟ್ಟಿಕೊಂಡು ಬಂದೂಬಿಟ್ಟಳು.

ಅದಾದ ಎರಡು ದಿನಕ್ಕೆ ಸಂಸ್ಥೆಯವರು ಏಳೂ ಜನಕ್ಕೆ, ನೀವು ಬರೆದ ಪ್ರೋಗ್ರಾಮನ್ನೆಲ್ಲ ಎಲ್ಲರೂ ನೋಡುವಂತೆ ಹಾಕಿ, ಹೇಗೆ ಕೆಲಸ ಮಾಡಿದಿರೆಂದು ಒಂದು ಪುಟ ಬರೆಯಿರಿ ಎಂದರು. ಹುಡುಗಿಯರು ಎಲ್ಲವನ್ನೂ ಬರೆದರು. 'ಮುಯ್ಯಿ' ಆಜ್ಞೆಯ ಬಗ್ಗೆಯೂ ಬರೆದರು: ಒಬ್ಬಳಿಗೆ ಆಗದ ದಿನ ಇನ್ನೊಬ್ಬಳು ಅವಳ ಹೆಸರಿನಲ್ಲಿ ಮಾಡುವುದು, ಆಮೇಲೆ ಅವಳು ಇವಳಿಗೆ ಮಾಡುವುದು, ನಮ್ಮೂರಿನ ಹೊಲಗಳಲ್ಲಿ ಹೀಗೇ ಮಾಡುತ್ತಾರೆ. ನನಗೆ ಓದಿ ಹೇಳಿದಾಗ ನಾನು ಮುಯ್ಯಾಳಿನ ವಿಚಾರ ಇನ್ನೂ ಎರಡು ಮಾತು ಬಿಡಿಸಿ ಬರೆಯಿರಿ ಎಂದೆ. ಬರೆದರು. ಮುಚ್ಚಿಡುವಂಥದ್ದು ಅದರಲ್ಲಿ ಏನಾದರೂ ಇದೆ ಎಂದು ನಮಗೆ ಮೂವರಿಗೂ ತೋರಲಿಲ್ಲ.

ಮೂರನೆಯ ದಿನ ಇಬ್ಬರನ್ನೂ ಮನೆಯವರ ಜೊತೆ ಚಿತ್ರದುರ್ಗಕ್ಕೆ ಬರಹೇಳಿದರು. ಮಾರುತೇಶ್‌ಗೆ ರಜೆ ಸಿಗಲಿಲ್ಲ, ನಾನು ಹೋದೆ. ಸೀಟು ಕೊಡುವುದಕ್ಕೇ ಕರೆದಿರಬೇಕೆಂದು ಐದಾರು ಜನಕ್ಕಾಗುವಷ್ಟು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡಿದ್ದೆ. ಯಶೋಧಾ ಚಂದ್ರವಳ್ಳಿಯನ್ನು ನೋಡಿರಲಿಲ್ಲ. ಕೆಲಸ ಮುಗಿಸಿ ಅಲ್ಲಿ ಕೆರೆಯ ಹತ್ತಿರ ಕೂತು ಉಣ್ಣಬೇಕೆಂದು ಬಸ್ಸಿನಲ್ಲೇ ಮಾತಾಯಿತು. ಕರಿಯಣ್ಣ ಮದುವೆಗೆ ಹಾಕುವ ಬಿಳಿ ಅಂಗಿ ಹಾಕಿದ್ದ.

ಕೋಣೆಯಲ್ಲಿ ಸಂಸ್ಥೆಯ ಶ್ರೀನಿವಾಸ್ ಎಂಬವರು ಕೂತಿದ್ದರು. ನಲವತ್ತರ ಆಸುಪಾಸು, ಮೆತ್ತಗೆ ಮಾತಾಡುವ ಮನುಷ್ಯ. ನಮಗೆಲ್ಲ ನೀರು ಕೊಡಿಸಿದರು. ಆಮೇಲೆ ಹುಡುಗಿಯರು ಬರೆದಿದ್ದ ಆ ಪುಟವನ್ನೇ ಮುಂದಿಟ್ಟರು. ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಒಪ್ಪಿಸಬಾರದೆಂದು ನಿಯಮದಲ್ಲಿದೆ, ನೀವು ಓದಲಿಲ್ಲವೇ ಎಂದು ಕೇಳಿದರು. ಮೋನಿಕಾ, ನಕಲು ಮಾಡಬಾರದೆಂಬುದನ್ನು ಓದಿದ್ದೆವು, ನಕಲು ಮಾಡಲಿಲ್ಲ ಎಂದಳು. ಅವರು ತಲೆಯಾಡಿಸಿದರು. ನೀವೇ ಬರೆದು ಒಪ್ಪಿಕೊಳ್ಳದಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ, ಆದರೆ ಈಗ ಗೊತ್ತಾದ ಮೇಲೆ ಸುಮ್ಮನಿರುವ ಹಾಗಿಲ್ಲ, ಬೇರೆಯವರೂ ನೋಡಿದ್ದಾರೆ ಎಂದರು.

ಆಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ. "ಹೀಗೆ ಮಾಡೋಣ ಅಂತ ಮೊದಲು ಹೇಳಿದ್ದು ಯಾರು?"

ಆ ಪ್ರಶ್ನೆಯ ಉತ್ತರ ಆ ಕೋಣೆಯಲ್ಲಿ ನನಗೂ ಮೋನಿಕಾಗೂ ಗೊತ್ತಿತ್ತು. ಮಾಡು ಹೋಗು ಎಂದು ಹೇಳಿದವಳು ನಾನು. ಬಾಯಿ ತೆರೆದೆ ಎಂದೇ ನೆನಪು. ಅಷ್ಟರಲ್ಲಿ ಮೇಜಿನ ಕೆಳಗೆ ಮೋನಿಕಾಳ ಕೈ ನನ್ನ ಸೆರಗು ಹಿಡಿಯಿತು. ತಡೆಯಲು ಹಿಡಿದಳೋ, ಹೇಳು ಎಂದು ಹಿಡಿದಳೋ ಇವತ್ತಿಗೂ ಅವಳನ್ನು ಕೇಳಿಲ್ಲ. ನನ್ನ ಮನಸ್ಸು ಮಾತ್ರ ಬಹಳ ಬೇಗ ಲೆಕ್ಕ ಹಾಕಿತು. ನನ್ನ ಹೆಸರು ಬಂದರೆ ಅದು ಮೋನಿಕಾಳ ಮನೆಯ ಮಾತಾಯಿತು, ಮೊದಲು ಮಾಡಿದವಳು ಮೋನಿಕಾ ಆದಳು.

"ನಾನು ಸಾರ್," ಎಂದಳು ಯಶೋಧಾ. "ಆ ಆಜ್ಞೆ ಬರ್ದಿರೋದೂ ನಾನೇ, ನನ್ನ ಹೆಸರೇ ಐತೆ ನೋಡ್ರಿ. ಮೋನಿಕಾ ಬ್ಯಾಡ ಅಂದ್ಲು. ನಾನೇ ಬಲವಂತ ಮಾಡಿದ್ದು."

ಶ್ರೀನಿವಾಸ್ ಪರದೆಯಲ್ಲಿ ನೋಡಿದರು. ಯಾವ ಸಾಲು ಯಾರು ಬರೆದರೆಂಬುದು ಅದರಲ್ಲಿ ಉಳಿದಿರುತ್ತದಂತೆ. ಹೌದು, ಯಶೋಧಾಳ ಹೆಸರೇ ಇತ್ತು. ಮೋನಿಕಾ ತಲೆ ತಗ್ಗಿಸಿದಳು. ನಾನು ನೀರು ಕುಡಿದೆ. ನಲವತ್ತು ವರ್ಷ ಊರವರ ಹೊಲಕ್ಕೆ ಮುಯ್ಯಾಳು ಹೋದವಳು ಆ ಹೊತ್ತಿನಲ್ಲಿ ಮಾಡಿದ್ದು ಇಷ್ಟೇ, ನೀರು ಕುಡಿದದ್ದು.

ಅವರು ಹೊರಗೆ ಹೋಗಿ ಯಾರೊಂದಿಗೋ ಮಾತಾಡಿ ಬಂದರು. ಯಶೋಧಾಳ ಹೆಸರು ತೆಗೆಯಬೇಕಾಗುತ್ತದೆ, ಕ್ಷಮಿಸಿ ಎಂದರು. ಮೋನಿಕಾಗೆ ಆ ಮೂರು ದಿನದ ಬದಲಿಗೆ ಮೂರು ಹೊಸ ಒಗಟು ಇಲ್ಲೇ ಕೊಡುತ್ತೇವೆ, ಬಿಡಿಸಿದರೆ ಸೀಟು ಉಳಿಯುತ್ತದೆ, ಆದರೆ ಆ ಆಜ್ಞೆಯನ್ನು ಸಾಧನದಿಂದ ತೆಗೆದುಹಾಕಬೇಕು ಎಂದರು.

ಕರಿಯಣ್ಣ ಎದ್ದ. ಮಗಳಿಗೆ "ನಡಿ" ಎಂದಷ್ಟೇ ಹೇಳಿ ಬಾಗಿಲು ದಾಟಿದ. ಯಶೋಧಾ ಮೋನಿಕಾಳ ಭುಜ ಮುಟ್ಟಿ, ಮೂರೂ ನಿನಗೆ ಸುಲಭ, ಆತುರ ಬೀಳಬೇಡ ಎಂದು ಹೇಳಿ ಅಪ್ಪನ ಹಿಂದೆ ಹೋದಳು. ಮೋನಿಕಾ ಮೂರನ್ನೂ ಎರಡು ತಾಸಿನೊಳಗೆ ಬಿಡಿಸಿದಳು. ರೊಟ್ಟಿ ಗಂಟು ಕಟ್ಟಿದ ಹಾಗೆಯೇ ವಾಪಸು ಮಾರಿಕಣಿವೆಗೆ ಬಂತು.

ಮನೆಯಲ್ಲಿ ಮೋನಿಕಾ ಎರಡು ದಿನ ಆ ಆಜ್ಞೆಯನ್ನು ಮುಟ್ಟಲಿಲ್ಲ. ತರಬೇತಿಗೇ ಹೋಗುವುದಿಲ್ಲ ಎಂದಳು. ಮೂರನೆಯ ದಿನ ಯಶೋಧಾಳೇ ಫೋನು ಮಾಡಿದಳು. ಪಕ್ಕದಲ್ಲಿದ್ದ ನನಗೆ ಕೇಳಿಸಿತು. "ತೆಗಿಯೇ. ನಾನು ಬರ್ದಿದ್ದಲ್ವಾ, ನಾನೇ ಹೇಳ್ತಾ ಇದೀನಿ ತೆಗಿ. ನೀನೂ ಮನೇಲಿ ಕುಂತ್ರೆ ನಾನು ಹೇಳಿದ್ದು ಯಾತಕ್ಕೆ?" ಮೋನಿಕಾ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಸಾಲು ಅಳಿಸಿದಳು. ಹತ್ತಿಪ್ಪತ್ತು ಸಾಲು ಇರಬಹುದು. ಬಹಳ ಹೊತ್ತು ತೆಗೆದುಕೊಂಡಳು.

ಸಂಕ್ರಾಂತಿಯ ಮಾರನೆಯ ದಿನ ಮಧ್ಯಾಹ್ನ ಹಟ್ಟಿಗೆ ಹೋದೆ. ಕಾಟಮ್ಮ ಗಂಟು ಎತ್ತಿಕೊಂಡು ಮಾಡದಕೆರೆಗೆ ಹಿಂದಿರುಗಿ ನಾಲ್ಕು ದಿನವಾಗಿತ್ತು. ಅಂಗಳದಲ್ಲಿ ಬಲೆ, ಗೂಟ, ಪಾತ್ರೆ, ಕಂಬಳಿ ಎಲ್ಲ ಕಟ್ಟಿಟ್ಟಿದ್ದರು. ಮಾರನೆಯ ಬೆಳಿಗ್ಗೆ ಹಿಂಡು ಹೊರಡುವುದಿತ್ತು. ಕರಿಯಣ್ಣ ಒಂದು ಕುರಿಯ ಗೊರಸು ಕೆತ್ತುತ್ತಾ ಕೂತಿದ್ದ. "ಬರ್ರಿ ತಿಪ್ಪಮ್ನೋರೆ, ಕುಂತ್ಕಳ್ರಿ" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ನಾಚಿಕೆ ಇತ್ತು, ಅದು ನನಗೆ ಇನ್ನೂ ಕಷ್ಟವಾಯಿತು.

ಅವನೇ ಮಾತು ತೆಗೆದ. ಬೇರೆಯವರ ಕುರಿ ದಾರಿಯಲ್ಲಿ ನಮ್ಮ ಹಿಂಡಿಗೆ ಸೇರಿಕೊಂಡರೆ, ಕಿವಿಯ ಕಚ್ಚು ನೋಡಿ, ಯಾರದೆಂದು ಕೇಳಿ, ಹತ್ತು ಮೈಲಿಯಾದರೂ ನಡೆದು ಬಿಟ್ಟು ಬರುತ್ತೇವೆ, ನಮ್ಮ ತಾತನ ಕಾಲದಿಂದ ಒಂದು ಮರಿ ಹಾಗೆ ಉಳಿಸಿಕೊಂಡದ್ದಿಲ್ಲ, ಈ ಹುಡುಗಿ ನಿಮ್ಮ ಮಗುವಿನ ಕೈಲಿ ಬಲವಂತವಾಗಿ ಮಾಡಿಸಿಕೊಂಡು ತನ್ನದು ಅಂದಳಲ್ಲ ಎಂದ. ಆ ದಿನದಿಂದ ಅವಳೊಂದಿಗೆ ಮಾತಾಡಿಲ್ಲ ಎಂದ.

ನಾನು ಹೇಳಿದೆ. ಹೊಸಲಿನ ಮೇಲೆ ಮೋನಿಕಾ ಕೇಳಿದ್ದು, ನಾನು ಮಾಡು ಹೋಗು ಎಂದದ್ದು, ಯಶೋಧಾ ಯಾರನ್ನೂ ಏನನ್ನೂ ಕೇಳದೇ ಇದ್ದದ್ದು, ಇಲ್ಲಿಗೆ ಮುಗೀತು ಎಂದು ಕೈಬಿಟ್ಟಿದ್ದದ್ದು, ಆ ಕೋಣೆಯಲ್ಲಿ ನಾನು ಸುಮ್ಮನೆ ಕೂತದ್ದು. ಯಾವುದನ್ನೂ ಬಿಡಲಿಲ್ಲ.

ಕರಿಯಣ್ಣ ಕುರಿಯನ್ನು ಬಿಟ್ಟ. ಅದು ಕುಂಟುತ್ತಾ ಹೋಯಿತು. ಆಮೇಲೆ ಕೇಳಿದ. "ಅವತ್ತೇ ಹೇಳಿದ್ರೆ ಏನಾಗ್ತಿತ್ತು?"

ಇಬ್ಬರ ಹೆಸರೂ ಹೋಗುತ್ತಿತ್ತು ಎಂದೆ. ಇಲ್ಲವೇ, ಮುದುಕಿಯ ಮಾತು ಕೇಳಿ ಕೆಟ್ಟರೆಂದು ಇಬ್ಬರಿಗೂ ಹೊಸ ಒಗಟು ಕೊಡುತ್ತಿದ್ದರೋ ಏನೋ. ಯಾವುದೆಂದು ನನಗೆ ಗೊತ್ತಿಲ್ಲ, ನಾನು ಹೇಳಿ ನೋಡಲೇ ಇಲ್ಲ ಎಂದೆ.

"ನಾಳೆ ಹಿಂಡು ನಿಲ್ಸಿ ನಾನು ದುರ್ಗಕ್ಕೆ ಹೋಗಿ ಹೇಳಿದ್ರೆ?"

"ಹೇಳ್ರಿ. ನಾನೂ ಬರ್ತೀನಿ. ಅದಕ್ಕೇ ಬಂದೆ."

ಯಶೋಧಾ ನೀರಿನ ಕೊಡ ಹಿಡಿದು ಗೋಡೆಯ ಮಗ್ಗುಲಲ್ಲಿ ನಿಂತಿದ್ದಳು. ಎಷ್ಟು ಕೇಳಿಸಿಕೊಂಡಿದ್ದಳೋ. ಕೊಡ ಇಳಿಸಿ, "ಬ್ಯಾಡಪ್ಪ," ಎಂದಳು. "ನನ್ನ ಸೀಟು ಒಂದೇ ಒಗಟು ತಪ್ಪಿದ್ದ ಹೊಳಲ್ಕೆರೆ ಹುಡುಗನಿಗೆ ಕೊಟ್ಟಾಗೈತೆ. ಈಗ ಹೋದ್ರೆ ಮೋನಿಕಾದೂ ಹೋಗುತ್ತೆ, ನಂದು ಬರಲ್ಲ."

ಕರಿಯಣ್ಣ ಮಗಳ ಮುಖ ನೋಡಿದ. ಆ ವಾರದಲ್ಲಿ ಅದೇ ಮೊದಲಿರಬೇಕು. "ಕೂಳು ತಿಂದ್ಯೇನವ್ವ?" ಎಂದು ಕೇಳಿದ. ಅವಳು ಹೂಂ ಎಂದಳು. ಅವನು ಎದ್ದು ಹಿಂಡಿನ ಕಡೆ ಹೋದ, ತಿರುಗಿ ನೋಡಲಿಲ್ಲ. ದುರ್ಗಕ್ಕೆ ಅವನು ಹೋಗಲಿಲ್ಲ.

ಯಶೋಧಾ ನನ್ನನ್ನು ರಸ್ತೆಯವರೆಗೆ ಬಿಡಲು ಬಂದಳು. ನಾನು ನಿಧಾನ, ಅವಳು ನನ್ನ ನಡಿಗೆಗೆ ತನ್ನ ನಡಿಗೆ ಇಳಿಸಿಕೊಂಡಿದ್ದಳು. ತಪ್ಪಾಯಿತು ಎನ್ನಬೇಕೆಂದು ನಾನು ಮೂರು ಸಲ ಮಾತು ಕಟ್ಟಿದೆ. ಅವಳು ಅದಕ್ಕೆ ಎಡೆ ಕೊಡಲಿಲ್ಲ. ಹೊಸದುರ್ಗದ ಮೇಲೆ ಹೋಗುತ್ತೀವಿ, ಮಾಡದಕೆರೆಯ ಅತ್ತೆ ಮನೆಯಲ್ಲಿ ಒಂದು ರಾತ್ರಿ ಇರುತ್ತೀವಿ, ಆಮೇಲೆ ಫೋನು ಸಿಗುವುದು ಕಷ್ಟ ಎಂದೆಲ್ಲ ಹೇಳಿದಳು. ಹಿನ್ನೀರಿನ ಕಡೆಯಿಂದ ಗಾಳಿ ಬೀಸುತ್ತಿತ್ತು. ರಸ್ತೆಗೆ ಬಂದ ಮೇಲೆ ನಿಂತಳು.

"ಅಜ್ಜಿ, ಮೋನಿಕಾ ಅದನ್ನ ಪೂರ್ತಿ ತೆಗುದ್ಲಾ?"

"ತೆಗುದ್ಲು."

"ನನ್ನ ಹೆಸರಿರೋ ಸಾಲೆಲ್ಲ?"

"ಎಲ್ಲಾನೂ."

"ಅಷ್ಟೂ ತೆಗುದ್ರೆ 'ಒಪ್ಸು' ಕೆಟ್ಟೋಗುತ್ತೇನೋ ಅನ್ಕಂಡಿದ್ದೆ. ಅದಕ್ಕೂ ಇದಕ್ಕೂ ಹೆಣೆದಿದ್ದೆ ನಾನು. ನಡೀತೈತಾ ಈಗ?"

ಮೋನಿಕಾ ಅಳಿಸಿ ಮುಗಿಸಿದ ಮೇಲೆ ಒಂದು ಸಲ ಪರೀಕ್ಷೆ ಮಾಡಿ ನೋಡಿದ್ದಳು. ನಾನು ಪಕ್ಕದಲ್ಲೇ ಇದ್ದೆ.

"ನಡೀತೈತೆ ಕಣಮ್ಮ," ಎಂದೆ.

"ಒಳ್ಳೇದಾತು ಬಿಡ್ರಿ," ಎಂದು ಯಶೋಧಾ ಬಸ್ಸಿಗೆ ಕೈ ಅಡ್ಡ ಹಿಡಿದಳು.